ಮಗಳನ್ನು ಕೇಳಲು ಸಮೋವಾಕ್ಕೆ

ಚನ್ನಗಿರಿ: ಗೋಡೆಯ ಮೇಲಿನ ಪಾಠ

ಮೊದಲೇ ಹೇಳಿಬಿಡುತ್ತೇನೆ. ನಾನು ಸಮೋವಾಕ್ಕೆ ಹೋದದ್ದು ಸಮುದ್ರ ನೋಡುವುದಕ್ಕಲ್ಲ. ಹೊಟ್ಟೆಕಿಚ್ಚು ತಡೆಯಲಾರದೆ ಹೋದೆ.

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಗಿರಿಜಕ್ಕನ ಅಂಗಡಿ ಎಂದರೆ ಯಾರಾದರೂ ತೋರಿಸುತ್ತಾರೆ. ನನ್ನ ಒಬ್ಬಳೇ ಮಗಳು ಸೌಮ್ಯ ನರ್ಸ್. ನ್ಯೂಜಿಲೆಂಡಿನ ಆಸ್ಪತ್ರೆಯೊಂದಕ್ಕೆ ಕೆಲಸಕ್ಕೆ ಹೋದವಳು ಅಲ್ಲಿ ಸಮೋವಾ ದೇಶದ ಹುಡುಗನನ್ನು ಮೆಚ್ಚಿ ಮದುವೆಯಾದಳು. ಅವನ ಹೆಸರು ತಾವಿತಾ. ಹೆಸರು ಕೇಳಿದ ನೆಂಟರೆಲ್ಲ ಮೊದಲು ಗಾಬರಿಯಾಗಿ, ಫೋಟೋ ನೋಡಿ ಸಮಾಧಾನ ಮಾಡಿಕೊಂಡರು. ಒಮ್ಮೆ ಇಬ್ಬರೂ ಊರಿಗೂ ಬಂದು ಹೋದರು. ಅಳಿಯ ಮಂಡಕ್ಕಿ ಮೆಣಸಿನಕಾಯಿ ತಿಂದು ಕಣ್ಣೀರು ಸುರಿಸುತ್ತಲೇ ಇನ್ನೊಂದು ತಟ್ಟೆ ಕೇಳಿದ. ಅವನ ಮೇಲೆ ನನಗೆ ಯಾವ ದೂರೂ ಇಲ್ಲ. ದೂರು ಇದ್ದದ್ದು ಅವನ ತಾಯಿ ಲುಸಿಯಾಳ ಮೇಲೆ.

ತಂದೆ ತೀರಿಕೊಂಡ ಮೇಲೆ ತಾವಿತಾ ತಾಯಿಯ ಜೊತೆಗಿರಲು ಸಮೋವಾದ ತನ್ನ ಹಳ್ಳಿಗೆ ಮರಳಿದ. ಸೌಮ್ಯಳಿಗೂ ಅಲ್ಲಿನ ಆಸ್ಪತ್ರೆಯಲ್ಲೇ ಕೆಲಸ ಸಿಕ್ಕಿತು. ಆಮೇಲೆ ಅವಳ ಫೋನಿನಲ್ಲಿ ಬರೀ ಅತ್ತೆಯ ಸುದ್ದಿ. ಅತ್ತೆ ತಲೆಗೆ ಎಣ್ಣೆ ಹಚ್ಚಿದರು, ಅತ್ತೆ ಬಟ್ಟೆ ಹೊಲಿದುಕೊಟ್ಟರು. ಹೊಲಿದುಕೊಟ್ಟರು ಎಂದಾಗ ನಾನು ಓಡಿಸುತ್ತಿದ್ದ ಮಿಷನ್ ನಿಲ್ಲಿಸಿದೆ. ಅಷ್ಟು ದಿನ ಲುಸಿಯಾ ನೂಲು ಹಿಡಿಯುವವಳೆಂದು ನನಗೆ ಗೊತ್ತೇ ಇರಲಿಲ್ಲ. ಅತ್ತೆಯನ್ನು ಮಗಳು ಕರೆಯುವುದು 'ತಿನಾ' ಎಂದು. ಹಾಗೆಂದರೇನು ಎಂದು ಕೇಳಿದೆ. ಅಮ್ಮ ಎಂದರ್ಥವಂತೆ.

ಸೌಮ್ಯ ಬಸುರಿಯಾದ ಸುದ್ದಿ ಬಂದಾಗ ನಾನು ಮನಸ್ಸಿನಲ್ಲೇ ನಿರ್ಧಾರ ಮಾಡಿದೆ. ಏಳನೇ ತಿಂಗಳಲ್ಲಿ ಹೋಗಿ ಕುಬಸ ಮಾಡಿ, ಹಸಿರು ಸೀರೆ ರವಿಕೆ ಉಡಿಸಿ, ಮಗಳನ್ನು ಊರಿಗೆ ಕರೆತರಬೇಕು. ಚೊಚ್ಚಲ ಬಾಣಂತನ ತವರಿನದು. ನಾನು ಅವಳನ್ನು ಹೆತ್ತದ್ದೂ ನನ್ನ ತವರು ತ್ಯಾವಣಿಗೆಯಲ್ಲಿ. ಇದರಲ್ಲಿ ಮಾತಾಡುವುದೇನಿದೆ?

ಮಾತಾಡುವುದಿದೆ ಎಂದವಳು ಜಗಳೂರಿನ ನನ್ನ ಅಕ್ಕ. ಅವಳಿಗೆ ಮೂವರು ಹೆಣ್ಣುಮಕ್ಕಳು, ಮೂರು ಸಲ ಬೀಗರ ಮನೆಗೆ ಹೋಗಿ ಕರೆತಂದ ಅನುಭವ.

"ಕೇಳಿದ ಕೂಡ್ಲೆ ಯಾವ ಬೀಗತೀನೂ ಕಳ್ಸಲ್ಲ ಕಣೆ. ಎಲ್ಡು ಸಲ ಇಲ್ಲ ಅಂತಾರೆ. ಬೇಜಾರು ಮಾಡ್ಕಬ್ಯಾಡ. ಮೂರ್ನೇ ಸಲ ಕೇಳು, ಒಪ್ಪತಾರೆ. ಆದ್ರೆ ಅವರ ಮಾತಿನಾಗೆ ಕೇಳು. ಮಗಳ ಕೈಲಿ ಹೇಳಿಸಿದ್ರೆ ಅದಕ್ಕೆ ತೂಕ ಇರಲ್ಲ."

ಸರಿ, ಕಲಿಯಲು ಕುಳಿತೆ. ಸೌಮ್ಯ ಫೋನಿನಲ್ಲಿ ಒಂದೊಂದೇ ಮಾತು ಹೇಳಿ ಕಳಿಸುವಳು. ನಾನು ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ಅಂಗಡಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದುಕೊಳ್ಳುವೆನು. ನಮಸ್ಕಾರಕ್ಕೆ ತಲೋಫಾ. ಉಪಕಾರವಾಯಿತು ಎನ್ನಲು ಫಾಅಫೆತಾಯಿ, ಅದರಲ್ಲೂ ಮೊದಲ ಫಾ ಆದ ಮೇಲೆ ಗಂಟಲಲ್ಲಿ ಒಂದು ಕ್ಷಣ ಉಸಿರು ಹಿಡಿಯಬೇಕು. ದಯವಿಟ್ಟು ಎನ್ನಲು ಫಾಅಮೊಲೆಮೊಲೆ. ಕುಳಿತವರ ಮುಂದೆ ಹಾದುಹೋಗುವಾಗ ಬೆನ್ನು ಬಗ್ಗಿಸಿ ತುಲೊ ಎನ್ನಬೇಕು. ಅಳತೆ ಕೊಡಲು ಬಂದ ಹೆಂಗಸರೆಲ್ಲ ಗೋಡೆ ಓದಿ ನಗುವರು. ಹೊನ್ನಾಳಿಯಿಂದ ಬರುವ ಒಬ್ಬ ಟೀಚರಮ್ಮ ಮಾತ್ರ ನನ್ನ ಜೊತೆ ತಾನೂ ಹೇಳಿ ಕಲಿತರು. ಹದಿನೈದು ದಿನದಲ್ಲಿ ಅವರ ಉಚ್ಚಾರ ನನಗಿಂತ ಚೆನ್ನಾಗಿ ಆಯಿತು. ನನಗೆ ಅದಕ್ಕೂ ಹೊಟ್ಟೆ ಉರಿಯಿತು.

ಎಲ್ಲಕ್ಕಿಂತ ಕೆಳಗೆ, ಉದ್ದಕ್ಕೆ, ಮುಖ್ಯವಾದ ಮಾತು ಬರೆದಿದ್ದೆ: ನನ್ನ ಮಗಳನ್ನು ಹೆರಿಗೆಗೆ ನನ್ನ ಮನೆಗೆ ಕಳಿಸಿಕೊಡಿ ಎಂದು. ಅದನ್ನು ಮಾತ್ರ ಸೌಮ್ಯಳಿಂದ ಕಲಿಯಲಿಲ್ಲ. ಗುಟ್ಟಾಗಿರಲಿ ಎಂದು ಅಳಿಯನಿಗೆ ಫೋನ್ ಮಾಡಿ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿ ಬರೆದುಕೊಂಡೆ. ಅವನು ಹೆರಿಗೆಗೇ ಎಂದು ಇನ್ನೊಮ್ಮೆ ಕೇಳಿ, ಆಮೇಲೆ ಹೇಳಿಕೊಟ್ಟ.

ಆಪಿಯಾ: ತೆಂಗಿನಕಾಯಿ

ಮೂರು ವಿಮಾನ ಹತ್ತಿಳಿದು ಸಮೋವಾದ ರಾಜಧಾನಿ ಆಪಿಯಾದ ನಿಲ್ದಾಣಕ್ಕೆ ಬಂದಾಗ ಅಲ್ಲಿನ ಅಧಿಕಾರಿಯೊಬ್ಬ ನನ್ನ ಚೀಲ ಬಿಚ್ಚಿಸಿದ. ಆತ ಉಟ್ಟಿದ್ದು ಲುಂಗಿ, ಅದಕ್ಕೆ ಜೇಬು ಬೇರೆ. ಇಸ್ತ್ರಿ ಮಾಡಿದ ಗೆರೆ ನೋಡಿ ನನಗೆ ಗೌರವ ಬಂತು. ಉಡಿ ತುಂಬಲು ತಂದಿದ್ದ ಅಕ್ಕಿ, ಕೊಬ್ಬರಿ, ಅಡಿಕೆ, ಒಂದು ತೆಂಗಿನಕಾಯಿ ಎಲ್ಲವನ್ನೂ ಒಂದೊಂದೇ ಮೇಜಿನ ಮೇಲೆ ಇಟ್ಟ. ಹೊರಗಿನ ಕಾಯಿ ಕಾಳು ಆ ದೇಶದೊಳಗೆ ಬಿಡುವುದಿಲ್ಲವಂತೆ. ತೆಂಗಿನಕಾಯಿ ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದ, ಆಮೇಲೆ ಕಿಟಕಿಯಾಚೆ ನೋಡಿದ. ಕಣ್ಣು ಹಾಯಿಸಿದಷ್ಟು ದೂರ ತೆಂಗಿನಮರ.

ನಾನು ಫಾಅಫೆತಾಯಿ ಎಂದೆ. ನನ್ನ ಕಾಯಿ ಕಿತ್ತುಕೊಂಡವನಿಗೆ ನಾನೇ ಉಪಕಾರವಾಯಿತು ಎಂದ ಹಾಗಾಯಿತು. ಆದರೆ ಆತನ ಮುಖ ಅರಳಿ, ಚೀಲವನ್ನು ತಾನೇ ಮಡಿಚಿ ಕಟ್ಟಿಕೊಟ್ಟ.

ಹೊರಗೆ ಸೌಮ್ಯ ನಿಂತಿದ್ದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ತುಂಬಿಕೊಂಡಿತ್ತು. ಅವಳ ಮೈಮೇಲೆ ನೀಲಿ ಹೂವಿನ ಉದ್ದ ಲಂಗ, ಮೇಲೊಂದು ಮೊಣಕಾಲಿನವರೆಗಿನ ಅಂಗಿ. ಅಪ್ಪಿಕೊಂಡಾಗ ನನ್ನ ಕೈ ತಾನಾಗಿ ಅವಳ ತೋಳಿನ ಸಂದಿಯ ಹೊಲಿಗೆಯ ಮೇಲೆ ಹೋಯಿತು. ಎಲ್ಲೂ ಸುಕ್ಕಿರಲಿಲ್ಲ.

"ಅತ್ತೆ ಹೊಲಿದದ್ದು ಕಣಮ್ಮಾ. ಹೆಂಗೈತೆ?"

"ಪರವಾಗಿಲ್ಲ," ಎಂದೆ.

ಹಳ್ಳಿ: ಗೋಡೆಯಿಲ್ಲದ ಮನೆ

ಲುಸಿಯಾಳ ಮನೆಯ ಮುಂದೆ ಬಂದವರನ್ನು ಕೂರಿಸಲು ಒಂದು ದೊಡ್ಡ ಚಾವಡಿ. ಕಂಬಗಳು, ಸೂರು, ನೆಲಕ್ಕೆ ಚಾಪೆ, ಅಷ್ಟೇ. ಗೋಡೆಯೇ ಇಲ್ಲ. ಬೀದಿಯಲ್ಲಿ ಹೋಗುವವರಿಗೆ ನಾವು ಏನು ಉಣ್ಣುತ್ತಿದ್ದೇವೆ ಎಂಬುದು ಕಾಣುತ್ತದೆ. ಚನ್ನಗಿರಿಯಲ್ಲಿ ಇಂಥ ಮನೆ ಕಟ್ಟಿದರೆ ಒಂದು ವಾರದಲ್ಲಿ ಊರಿನ ಜಗಳ ಎರಡರಷ್ಟಾಗುತ್ತಿತ್ತು.

ಚಪ್ಪಲಿ ಬಿಟ್ಟು ಒಳಗೆ ಹೋಗಿ, ಮೊದಲು ಕುಳಿತು, ಆಮೇಲೆ ಮಾತಾಡಬೇಕು. ನಿಂತು ಮಾತಾಡುವುದು ಅಲ್ಲಿ ಅಗೌರವ. ಕಾಲು ಯಾರ ಕಡೆಗೂ ಚಾಚಬಾರದು. ನಾನು ಚಕ್ಕಳಮಕ್ಕಳ ಹಾಕಿ ಕೂತದ್ದು ನೋಡಿ ಲುಸಿಯಾಳ ಅಕ್ಕಪಕ್ಕದ ಹೆಂಗಸರು ಮೆಚ್ಚಿ ಮಾತಾಡಿಕೊಂಡರು. ಹೊರಗಿನಿಂದ ಬಂದವರಿಗೆ ಹತ್ತು ನಿಮಿಷಕ್ಕೆ ಮೊಣಕಾಲು ನೋಯುತ್ತದಂತೆ. ನಾನು ಬೇಕೆಂದೇ ಒಂದು ಗಂಟೆ ಅಲ್ಲಾಡದೆ ಕುಳಿತೆ.

ಲುಸಿಯಾ ನನಗಿಂತ ಎತ್ತರ, ನನಗಿಂತ ದಪ್ಪ, ನನಗಿಂತ ನಗುಮುಖ. ಕಿವಿಯ ಹಿಂದೆ ಒಂದು ಬಿಳಿ ಹೂವು. ನನ್ನ ತಲೋಫಾ ಕೇಳಿ ಎರಡೂ ಕೈಯಿಂದ ನನ್ನ ಕೆನ್ನೆ ಹಿಡಿದು ತನ್ನ ಕೆನ್ನೆ ತಾಗಿಸಿದಳು. ತೆಂಗಿನೆಣ್ಣೆಯ ವಾಸನೆ. ನನ್ನ ಮಗಳ ತಲೆಯಲ್ಲೂ ಅದೇ ವಾಸನೆ ಇತ್ತು.

ಮರುದಿನ ಮಧ್ಯಾಹ್ನ ಸೌಮ್ಯ ಡ್ಯೂಟಿಗೆ ಹೋಗಿದ್ದಾಗ ನನ್ನ ಮುಂದೆ ಊಟ ಬಂತು. ನಾನು ಮಾಂಸ ಮುಟ್ಟುವುದಿಲ್ಲವೆಂದು ತಿಳಿದು ಕೆಸುವಿನ ಎಲೆಯಲ್ಲಿ ತೆಂಗಿನ ಹಾಲು ಕಟ್ಟಿ ಕಾದ ಕಲ್ಲಿನ ಮೇಲೆ ಬೇಯಿಸಿದ ಪೊಟ್ಟಣಗಳು, ಕೆಸುವಿನ ಗಡ್ಡೆ, ಹಲಸಿನ ತಮ್ಮನಂತಿರುವ ಒಂದು ಕಾಯಿ ಸುಟ್ಟದ್ದು, ಬಾಳೆಕಾಯಿ. ನಾಲ್ಕು ಜನರಿಗಾಗುವಷ್ಟು. ಲುಸಿಯಾ ಪಕ್ಕದಲ್ಲಿ ಕುಳಿತು ಬೀಸಣಿಗೆಯಿಂದ ನೊಣ ಓಡಿಸತೊಡಗಿದಳು. ನೀವೂ ಬನ್ನಿ ಎಂದು ಸನ್ನೆ ಮಾಡಿದರೆ ತಲೆಯಾಡಿಸಿ ನಕ್ಕಳು. ನಮ್ಮಲ್ಲಿ ಎಲೆಯಲ್ಲಿ ಬಿಟ್ಟರೆ ಬಡಿಸಿದವರಿಗೆ ಅವಮಾನ. ಅದರಲ್ಲೂ ಬೀಗರ ಮನೆ. ಬಿಟ್ಟರೆ ಅಡುಗೆ ಹಿಡಿಸಲಿಲ್ಲ ಎಂದುಕೊಂಡಾಳು. ಉಸಿರು ಸಿಕ್ಕಿಹಾಕಿಕೊಳ್ಳುವವರೆಗೆ ತಿಂದು ಎಲ್ಲ ಖಾಲಿ ಮಾಡಿದೆ. ಮೂರು ದಿನ ಹೀಗೆಯೇ ಆಯಿತು. ನನ್ನನ್ನು ಹೊಟ್ಟೆಬಾಕಿ ಮಾಡಿ ತಮಾಷೆ ನೋಡುತ್ತಿದ್ದಾಳೆ ಎಂದು ನನಗೆ ಅನುಮಾನ ಬಂತು.

ಮೂರನೆಯ ದಿನ ಬಚ್ಚಲಿಗೆ ಹೋಗುವಾಗ ನೋಡಿದರೆ ಹಿಂದಿನ ಅಡುಗೆ ಕೋಣೆಯಲ್ಲಿ ಲುಸಿಯಾ ಬ್ರೆಡ್ಡನ್ನು ಚಹಾದಲ್ಲಿ ಅದ್ದಿ ತಿನ್ನುತ್ತಿದ್ದಳು. ಸಂಜೆ ಸೌಮ್ಯ ಕೇಳಿ ತಲೆ ಚಚ್ಚಿಕೊಂಡಳು.

"ಅಯ್ಯೋ ಅಮ್ಮಾ, ಬಂದೋರು ಉಂಡು ಬಿಟ್ಟಿದ್ದನ್ನ ಮನೆಯವರು ಉಣ್ಣಾದು ಇಲ್ಲಿ. ಪೂರ್ತಿ ನಿಂದು ಅಂತ ಅಲ್ಲ ಅದು. ಸ್ವಲ್ಪ ತಿಂದು ತಟ್ಟೆ ಹಿಂದಕ್ಕೆ ಸರಿಸಬೇಕು."

"ಬಾಯಿ ಬಿಟ್ಟು ಹೇಳಬಾರದೇನು ನಿಮ್ಮತ್ತೆ?"

"ಅತಿಥಿಗೆ ಹೆಂಗೆ ಹೇಳತಾರೆ?"

ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಜಾಸ್ತಿ ಸಿಟ್ಟು ಬಂತು. ಒಳ್ಳೆಯತನದಲ್ಲೂ ಈಕೆ ನನ್ನನ್ನು ಮೀರಿಸಬೇಕೇ ಎಂದು.

ಶನಿವಾರ: ಬಸ್ಸು

ಕುಬಸಕ್ಕೆ ಹೊಸದಾಗಿ ಅಕ್ಕಿ, ಕಾಯಿ, ಬಳೆ ಕೊಳ್ಳಲು ಲುಸಿಯಾ ನನ್ನನ್ನು ಪೇಟೆಗೆ ಕರೆದೊಯ್ದಳು. ಅಲ್ಲಿನ ಬಸ್ಸುಗಳಿಗೆ ಮರದ ಮೈ, ಮೈಮೇಲೆಲ್ಲ ಬಣ್ಣದ ಚಿತ್ರ, ಕಿವಿ ಕಿತ್ತುಹೋಗುವ ಹಾಡು. ನ್ಯಾಮತಿಯಿಂದ ಹೊನ್ನಾಳಿಗೆ ಹೋಗುವ ಪ್ರೈವೇಟ್ ಬಸ್ಸಿನ ನೆನಪಾಗಿ ಮನಸ್ಸಿಗೆ ಹಿತವೆನಿಸಿತು. ವ್ಯತ್ಯಾಸ ಒಂದೇ. ಸೀಟು ತುಂಬಿದ ಮೇಲೆ ಅಲ್ಲಿ ಯಾರೂ ನಿಲ್ಲುವುದಿಲ್ಲ, ಕುಳಿತವರ ತೊಡೆಯ ಮೇಲೆ ಕೂರುತ್ತಾರೆ. ಗುರುತು ಪರಿಚಯ ಬೇಕಿಲ್ಲ.

ಬರುವಾಗ ನನಗೆ ಕೊನೆಯ ಸೀಟು ಸಿಕ್ಕಿತು. ಲುಸಿಯಾ ಅಕ್ಕಿ ಚೀಲ ಎತ್ತಿಕೊಂಡು ನನ್ನ ತೊಡೆಯ ಮೇಲೆ ಕುಳಿತುಬಿಟ್ಟಳು. ಬೀಗತಿಯನ್ನು ತೊಡೆಯ ಮೇಲೆ ಕೂರಿಸಿಕೊಂಡವಳು ನಮ್ಮ ವಂಶದಲ್ಲಿ ನಾನೊಬ್ಬಳೇ ಇರಬೇಕು. ಮುಕ್ಕಾಲು ಗಂಟೆ ಅವಳ ಬೆನ್ನು ನನ್ನ ಮುಖದ ಮುಂದೆ. ಬಿಟ್ಟ ಕಣ್ಣು ಬಿಟ್ಟಂತೆ ಅವಳ ಅಂಗಿಯ ಹೊಲಿಗೆ ಪರೀಕ್ಷೆ ಮಾಡಿದೆ. ಒಂದು ಓರೆ ಗೆರೆ ಸಿಕ್ಕಿದ್ದರೂ ಸಮಾಧಾನವಾಗುತ್ತಿತ್ತು. ಸಿಗಲಿಲ್ಲ.

ಭಾನುವಾರ: ಎರಡು ಅಳತೆ

ಭಾನುವಾರ ಹಳ್ಳಿಯೆಲ್ಲ ಬಿಳಿ ಬಟ್ಟೆ ಹಾಕಿ ಚರ್ಚಿಗೆ ಹೋಗುತ್ತದೆ. ಲುಸಿಯಾ ನನಗೂ ಒಂದು ಬಿಳಿ ಅಂಗಿ ಲಂಗ ತಂದು ಮಡಿಲಲ್ಲಿ ಇಟ್ಟಳು. ಹಿಂದಿನ ದಿನಗಳಲ್ಲಿ ಯಾವಾಗಲೋ ಹೊಲಿದಿದ್ದಳು. ನನ್ನ ಅಳತೆ ತೆಗೆದಿರಲಿಲ್ಲ. ಹಾಕಿಕೊಂಡರೆ ಭುಜ, ಎದೆ, ತೋಳು ಎಲ್ಲ ನನ್ನ ಮೈಗೇ ಕತ್ತರಿಸಿದಂತಿತ್ತು. ಟೇಪು ಇಲ್ಲದೆ ಕಣ್ಣಿನಲ್ಲೇ ಅಳೆದಿದ್ದಳು. ಮೂವತ್ತು ವರ್ಷ ಟೇಪು ಕುತ್ತಿಗೆಗೆ ಹಾಕಿಕೊಂಡು ಓಡಾಡಿದ ನನಗೆ ಅಳು ಬರುವಂತಾಯಿತು.

ಚರ್ಚಿನಲ್ಲಿ ಹಣೆಯ ವಿಭೂತಿಯೊಡನೆ ಹಿಂದಿನ ಬೆಂಚಿನಲ್ಲಿ ಕುಳಿತೆ. ಯಾರೂ ಏನೂ ಅನ್ನಲಿಲ್ಲ. ಮನೆಗೆ ಬಂದ ಮೇಲೆ ನನ್ನ ಸರದಿ. ಚಾವಡಿಯಲ್ಲಿ ಸೌಮ್ಯಳನ್ನು ಕೂರಿಸಿ ಕುಬಸ ಮಾಡಿದೆ. ಹಸಿರು ಸೀರೆ, ಹಸಿರು ಬಳೆ, ಉಡಿಗೆ ಅಕ್ಕಿ ಕಾಯಿ. ಆಮೇಲೆ ಚನ್ನಗಿರಿಯಿಂದ ಹೊಲಿದು ತಂದ ಹಸಿರು ರೇಷ್ಮೆ ರವಿಕೆ. ಅವಳ ಹಳೆಯ ಅಳತೆಗೆ ಎರಡು ಇಂಚು ಹೆಚ್ಚು ಬಿಟ್ಟು ಹೊಲಿದಿದ್ದೆ. ತೋಳು ಮೊಣಕೈ ದಾಟಿ ಮೇಲೇರಲಿಲ್ಲ. ನನ್ನ ಮಗಳ ಮೈ ನನಗೇ ಗೊತ್ತಿರಲಿಲ್ಲ.

ಯಾರೂ ನಗಲಿಲ್ಲ. ಲುಸಿಯಾ ಎದ್ದು, ಬಗ್ಗಿ, ತುಲೊ ಎನ್ನುತ್ತ ನನ್ನ ಮುಂದೆ ಹಾದುಹೋಗಿ ತನ್ನ ಮಿಷನ್ ಮೇಲಿನ ಬಟ್ಟೆ ತೆಗೆದು ನನಗೆ ಜಾಗ ತೋರಿಸಿದಳು. ನಮ್ಮ ಅಂಗಡಿಯ ಮಿಷನ್ನಿನಂಥದ್ದೇ ಹಳೇ ಕಪ್ಪು ಮಿಷನ್. ಒಳಹೊಲಿಗೆ ಬಿಚ್ಚಿ ದೊಡ್ಡದು ಮಾಡಿದೆ. ಅವಳು ನೂಲು ಪೋಣಿಸಿಕೊಟ್ಟಳು. ನನಗೆ ಅದು ಸಹಾಯ ಅನ್ನಿಸಲಿಲ್ಲ, ಸೋಲು ಅನ್ನಿಸಿತು. ನಾಳೆಯೇ ಕೇಳಬೇಕು, ಮಗಳನ್ನು ಕರೆದುಕೊಂಡು ಹೊರಡಬೇಕು ಎಂದು ಹಟ ಹತ್ತಿತು.

ಸೋಮವಾರ: ಕೇಳಿದ್ದು

ಸೌಮ್ಯ ಡ್ಯೂಟಿಗೆ ಹೋದ ಮೇಲೆ ಸೀರೆ ಉಟ್ಟು ಚಾವಡಿಗೆ ಹೋದೆ. ಲುಸಿಯಾಳಿಗೆಂದು ತಂದಿದ್ದ ಇಳಕಲ್ ಸೀರೆಯನ್ನು ಮುಂದಿಟ್ಟೆ. ಕುಳಿತೆ, ಕಾಲು ಮಡಿಚಿದೆ, ಕಣ್ಣು ತಗ್ಗಿಸಿದೆ. ಗೋಡೆಯ ಮೇಲೆ ಬರೆದು ಮೂರು ತಿಂಗಳು ಉರುಹೊಡೆದ ಆ ಮಾತನ್ನು ಒಂದಕ್ಷರ ತಪ್ಪದೆ ಹೇಳಿದೆ.

ಅವಳು ತುಂಬಾ ಹೊತ್ತು ಚಾಪೆಯನ್ನೇ ನೋಡುತ್ತಿದ್ದಳು. ನಾನು ಎರಡನೆಯ ಸಲಕ್ಕೆ ಏನು ಹೇಳಬೇಕು, ಮೂರನೆಯ ಸಲಕ್ಕೆ ಏನು ಹೇಳಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ. ಆಗ ಅವಳು ಇಓಎ ಎಂದಳು. ಹೂಂ ಎಂದರ್ಥ. ಎದ್ದು ಒಳಗೆ ಹೋಗಿ ಬಟ್ಟೆಯಷ್ಟು ತೆಳ್ಳಗೆ ಹೆಣೆದ ಹಳೆಯ ಚಾಪೆಯೊಂದನ್ನು ತಂದು ನನಗೆ ಕಾಣಿಕೆಯಾಗಿ ಮುಂದೆ ಹಾಸಿದಳು. ಆ ಮನೆಯಲ್ಲಿ ಅದಕ್ಕಿಂತ ಬೆಲೆಯುಳ್ಳ ವಸ್ತು ಇರಲಿಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಗೆದ್ದೆ ಎಂದು ಜಗಳೂರಿಗೆ ಫೋನ್ ಮಾಡಿದೆ. ಅಕ್ಕ ಎಲ್ಲ ಕೇಳಿ ಸಪ್ಪಗೆ ಅಂದಳು:

"ಒಂದೇ ಸಲಕ್ಕೆ ಹೂಂ ಅಂದ್ಲಾ? ಹಂಗಾದ್ರೆ ಆಕಿಗೆ ಸೊಸಿ ಮ್ಯಾಲೆ ಪ್ರೀತಿನೇ ಇಲ್ಲ ಬಿಡು."

ಈ ಮಾತು ನನಗೆ ಸಿಹಿ ತಿಂದಷ್ಟು ಖುಷಿ ಕೊಟ್ಟಿತು. ಸಂಜೆ ಸೌಮ್ಯಳಿಗೆ ಇದ್ದದ್ದು ಇದ್ದಂತೆ ಹೇಳಿದೆ. ಅವಳು ಬ್ಯಾಗು ಕೆಳಗಿಟ್ಟು ನಿಧಾನವಾಗಿ ಕುಳಿತಳು.

"ನನ್ನ ಕೇಳಿದೇನಮ್ಮಾ?"

"ನಿನ್ನ ಕೇಳಾದೇನು? ತವರಿಗೆ ಬರಾಕೆ ಯಾರನ್ನ ಕೇಳತಾರೆ?"

"ಅಮ್ಮಾ, ಈ ಮನೆಯಾಗೆ ಬಂದೋರು ಕೂತು, ಕಾಣಿಕೆ ಇಟ್ಟು, ಬಾಯಿಬಿಟ್ಟು ಕೇಳಿದ್ರೆ ಇಲ್ಲ ಅನ್ನಾಕೆ ಬರಲ್ಲ. ಅವರಿಗೆ ಅದು ಮರ್ಯಾದೆ ಪ್ರಶ್ನೆ. ನೀನು ಅವರ ಊಟ ಪೂರ್ತಿ ತಿಂದಾಗ್ಲೂ ಸುಮ್ನೆ ಇದ್ರಲ್ಲ, ಹಂಗೇ ಇದು. ಎರಡನೇ ಸಲ ಕೇಳಾಕೆ ನೀನು ರೆಡಿಯಾಗಿದ್ದೆ. ಅವರಿಗೆ ಒಂದನೇ ಸಲಾನೂ ಬ್ಯಾಡ ಅನ್ನಾಕೆ ಆಗಲಿಲ್ಲ."

ಆಮೇಲೆ ಅವಳು ಅಳುತ್ತಲೇ ಹೇಳಿದಳು. ಹೆರಿಗೆ ತನ್ನ ಆಸ್ಪತ್ರೆಯಲ್ಲೇ ಆಗಬೇಕು, ಗಂಡ ಹತ್ತಿರ ಇರಬೇಕು, ಏಳು ತಿಂಗಳ ಹೊಟ್ಟೆ ಹೊತ್ತು ಮೂರು ವಿಮಾನ ಹತ್ತಲು ತನಗೆ ಭಯ. "ನೀನು ಇಷ್ಟು ದೂರ ಬಂದೀಯಲ್ಲ ಅಂತ ಬಾಯಿ ಕಟ್ಟಿತ್ತು," ಎಂದಳು. ನನ್ನ ಮಗಳೂ ಆ ಮನೆಯವಳಾಗಿಬಿಟ್ಟಿದ್ದಳು. ನನಗೆ ಇಲ್ಲ ಎನ್ನಲು ಅವಳಿಗೂ ಬರಲಿಲ್ಲ.

ಒಳಗಿನ ಕೋಣೆಗೆ ಹೋದರೆ ನನ್ನ ಚೀಲದ ಬಾಯಿ ತೆರೆದಿತ್ತು. ಲುಸಿಯಾ ಅದರ ಮುಂದೆ ಕುಳಿತು, ಹುಟ್ಟುವ ಮಗುವಿಗೆಂದು ತಾನು ಹೊಲಿದಿಟ್ಟ ಪುಟ್ಟ ಅಂಗಿಗಳನ್ನು ಒಂದರ ಮೇಲೊಂದು ಇಟ್ಟು ತುಂಬುತ್ತಿದ್ದಳು. ಎಷ್ಟು ಅಂಗಿ. ಕೈಯಲ್ಲಿ ಒಂದನ್ನು ಹಿಡಿದು ಅದರ ತೋಳನ್ನು ಬೆರಳಿನಿಂದ ನೇವರಿಸುತ್ತಿದ್ದಳು. ನನ್ನನ್ನು ನೋಡಿ ನಗಲು ನೋಡಿದಳು, ಆಗಲಿಲ್ಲ.

ಪ್ರೀತಿ ಇಲ್ಲವೆಂದು ಅಕ್ಕ ಅಂದದ್ದು ಕೇಳಿ ಹಿಗ್ಗಿದ್ದೆನಲ್ಲ, ನನ್ನ ಮೇಲೆ ನನಗೇ ಅಸಹ್ಯವಾಯಿತು. ಅವಳ ಮುಂದೆ ಕುಳಿತೆ. ಈಗ ಹೇಳಬೇಕಾದ ಮಾತನ್ನು ನನಗೆ ಯಾರೂ ಕಲಿಸಿರಲಿಲ್ಲ. ಚೀಲದಿಂದ ಅಂಗಿಗಳನ್ನು ತೆಗೆದು ಅವಳ ಮಡಿಲಿಗೆ ಹಾಕಿದೆ. ಫಾಅಮೊಲೆಮೊಲೆ ಎಂದೆ, ನೆಲ ತೋರಿಸಿದೆ, ನನ್ನ ಎದೆ ಮುಟ್ಟಿಕೊಂಡೆ. ಮಿಕ್ಕದ್ದನ್ನು ಕನ್ನಡದಲ್ಲೇ ಅಂದೆ:

"ಆಕೆ ಇಲ್ಲೇ ಇರ್ಲಿ. ನನಗೂ ಹೆರಿಗೆ ಆಗಾವರೆಗೆ ಜಾಗ ಕೊಡ್ರಿ."

ಇಓಎ, ಇಓಎ, ಇಓಎ ಎಂದಳು. ಈ ಸಲ ಚಾಪೆ ನೋಡಲಿಲ್ಲ, ನನ್ನ ಮುಖ ನೋಡಿದಳು.

ಆಸ್ಪತ್ರೆ: ಒಬ್ಬರಿಗೆ ಮಾತ್ರ

ಟಿಕೆಟ್ಟಿನ ದಿನ ಬದಲಾಯಿಸಿ ಉಳಿದೆ. ನಾವಿಬ್ಬರೂ ಗೆಳತಿಯರಾದೆವು ಎಂದು ಬರೆದರೆ ಓದಲು ಚೆಂದ. ಆಗಲಿಲ್ಲ. ನಾನು ಮೆಣಸಿನ ಸಾರು ಮಾಡಿದರೆ ಅವಳು ಮೀನಿನ ಸಾರು ಮಾಡುವಳು. ನಾನು ಮಗಳ ಕಾಲು ಒತ್ತಲು ಕುಳಿತರೆ ಅವಳು ಇನ್ನೊಂದು ಕಾಲು ಹಿಡಿಯುವಳು. ಅವಳ ಕೈ ಬಿಸಿ, ಹಿಡಿತ ಗಟ್ಟಿ, ಸೌಮ್ಯ ಆ ಕಡೆಗೇ ಕಣ್ಣು ಮುಚ್ಚಿ ನಿದ್ದೆ ಹೋಗುವಳು. ನಾನು ಹಿಡಿದ ಕಾಲು ಮಾತ್ರ ಎಚ್ಚರವಾಗಿರುವಂತೆ ನನಗೆ ಅನ್ನಿಸುತ್ತಿತ್ತು.

ನೋವು ಶುರುವಾದದ್ದು ಒಂದು ಗುರುವಾರ ಬೆಳಿಗ್ಗೆ. ತಾವಿತಾ ಕೆಲಸದ ಮೇಲೆ ಇನ್ನೊಂದು ದ್ವೀಪಕ್ಕೆ ಹೋಗಿದ್ದ, ಅಲ್ಲಿಂದ ದೋಣಿ ಸಂಜೆಗೇ. ಆಸ್ಪತ್ರೆಯ ಹೆರಿಗೆ ಕೋಣೆಯ ಹೊರಗೆ ನಾವಿಬ್ಬರೇ. ಏನೋ ತೊಡಕಾಗಿದೆ ಎಂದು ಒಳಗೆ ಓಡಾಟ ಹೆಚ್ಚಿತು. ಒಬ್ಬ ನರ್ಸ್ ಹೊರಗೆ ಬಂದು ಒಂದು ಬೆರಳು ತೋರಿಸಿದಳು. ಒಬ್ಬರು ಮಾತ್ರ ಒಳಗೆ. ಯಾರು ತಾಯಿ ಎಂದು ಕೇಳಿದಳು. ತಿನಾ ಎಂಬ ಆ ಪದ ನನಗೆ ಅರ್ಥವಾಗಿತ್ತು.

ಲುಸಿಯಾ ನನ್ನನ್ನು ನೋಡಿದಳು. ಚಪ್ಪಲಿಯಿಂದ ಅವಳ ಒಂದು ಕಾಲು ಆಗಲೇ ಹೊರಗೆ ಬಂದಿತ್ತು, ಅದನ್ನು ಮತ್ತೆ ಒಳಗೆ ತೂರಿಸಿದಳು. ನಾನು ಕೇಳಿದರೆ ಸಾಕು, ಬಿಟ್ಟುಕೊಡುತ್ತಾಳೆಂದು ನನಗೆ ಗೊತ್ತಿತ್ತು. ಕೇಳಬೇಕೆಂದೂ ಇರಲಿಲ್ಲ, ಮುಂದೆ ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಒಳಗಿನಿಂದ ಸೌಮ್ಯ ಅಮ್ಮಾ ಎಂದು ಕೂಗಿದ್ದು ಕೇಳಿಸಿತು. ಕನ್ನಡದಲ್ಲಿ, ನನ್ನನ್ನು.

ಬಾಗಿಲವರೆಗೆ ಹೋದೆ. ಒಳಗೆ ಡಾಕ್ಟರು ಅವಸರದಲ್ಲಿ ತಮ್ಮ ಸಮೋವಾ ಮಾತಿನಲ್ಲಿ ಏನೋ ಹೇಳುತ್ತಿದ್ದರು. ಒಂದು ಪದವೂ ತಿಳಿಯಲಿಲ್ಲ. ತಲೋಫಾ, ತುಲೊ, ಉಪಕಾರವಾಯಿತು, ದಯವಿಟ್ಟು. ನಾನು ಕಲಿತದ್ದು ಬೀಗರ ಮನೆಯಲ್ಲಿ ಮರ್ಯಾದೆಯಿಂದ ಕೂರಲು ಸಾಕಾಗುತ್ತಿತ್ತು. ಹೀಗೆ ಮಾಡಲೇ ಎಂದು ಅವರು ಕೇಳಿದರೆ ಹೂಂ ಎನ್ನಬೇಕೋ ಬೇಡ ಎನ್ನಬೇಕೋ ನನಗೆ ಗೊತ್ತಾಗುತ್ತಿರಲಿಲ್ಲ. ನೋವಿನಲ್ಲಿದ್ದ ಮಗಳೇ ನನಗೆ ಅರ್ಥ ಹೇಳಬೇಕಾಗುತ್ತಿತ್ತು.

"ನೀವು ಹೋಗ್ರಿ," ಎಂದು ಲುಸಿಯಾಳ ಬೆನ್ನಿಗೆ ಕೈಯಿಟ್ಟು ತಳ್ಳಿದೆ.

ಬಾಗಿಲು ಮುಚ್ಚಿತು. ಎರಡು ಗಂಟೆ ಆ ಬೆಂಚಿನ ಮೇಲೆ ನಾನು ಉರಿದ ಹಾಗೆ ಜೀವಮಾನದಲ್ಲಿ ಯಾವತ್ತೂ ಉರಿದಿಲ್ಲ. ಆಮೇಲೆ ಮಗುವಿನ ಅಳು ಕೇಳಿಸಿತು. ಸ್ವಲ್ಪ ಹೊತ್ತಿಗೆ ಲುಸಿಯಾ ಹೊರಗೆ ಬಂದಳು. ಅವಳ ಎದೆಯ ಮೇಲೆ ಮಗು, ಹೆಣ್ಣು. ನನ್ನ ಕೈಗೆ ಕೊಡುವಾಗ ಅವಳ ತೋಳಿನ ಬಿಸಿ ಮಗುವಿನ ಮೈಗೆ ಆಗಲೇ ಹತ್ತಿತ್ತು.

ನನ್ನ ಮೊಮ್ಮಗಳನ್ನು ಮೊದಲು ಎತ್ತಿಕೊಂಡವಳು ಅವಳೇ. ಊರಿಗೆ ಬಂದ ಮೇಲೆ ಕೇಳಿದವರಿಗೆಲ್ಲ ನಾನೇ ಮೊದಲು ಎತ್ತಿಕೊಂಡೆ ಎಂದು ಹೇಳಿದ್ದೇನೆ. ನೆಂಟರಿಗೂ ಹಾಗೆಯೇ ಹೇಳಿದ್ದೇನೆ, ಜಗಳೂರಿನ ಅಕ್ಕನಿಗೂ. ಸೌಮ್ಯ ಫೋನಿನಲ್ಲಿ ಅದನ್ನು ಕೇಳಿಸಿಕೊಂಡೂ ತಿದ್ದಿಲ್ಲ. ನಿಜ ಬರೆದದ್ದು ಇಲ್ಲಿ ಮಾತ್ರ.